ಪೇಟೆಯ ಆಚೆಗೆ ಬಡಾವಣೆ ಕಟ್ಟಿದ ದಿವಾನ ಶೇಷಾದ್ರಿ ಅಯ್ಯರ್

ಬಣಕಲ್: ಮೂಡಿಗೆರೆ, ಕಳಸ, ಕೊಟ್ಟಿಗೆಹಾರದ ಕಾಫಿ ಸೀಮೆಯಿಂದ ಓದಿಗಾಗಿಯೋ ಉದ್ಯೋಗಕ್ಕಾಗಿಯೋ ಬೆಂಗಳೂರು ಸೇರಿದವರ ವಿಳಾಸಗಳಲ್ಲಿ ಮಲ್ಲೇಶ್ವರ, ಬಸವನಗುಡಿ, ಚಾಮರಾಜಪೇಟೆ, ಶೇಷಾದ್ರಿಪುರ ಎಂಬ ಹೆಸರುಗಳು ಪದೇ ಪದೇ ಕಾಣಿಸಿಕೊಳ್ಳುತ್ತವೆ. ನೇರವಾದ ರಸ್ತೆ, ರಸ್ತೆಯ ಇಕ್ಕೆಲದಲ್ಲಿ ಮರ, ಮನೆಯ ಮುಂದೊಂದಿಷ್ಟು ಕೈತೋಟ, ನಡುವೆ ಒಂದು ಉದ್ಯಾನ ಎಂಬ ಬೆಂಗಳೂರಿನ ಹಳೆಯ ಚಿತ್ರ ಮೂಡಿದ್ದು ಈ ಬಡಾವಣೆಗಳಿಂದಲೇ. ಇವುಗಳಲ್ಲಿ ಮೊದಲ ಮೂರು ರೂಪುಗೊಂಡದ್ದು ಒಬ್ಬರೇ ದಿವಾನರ ಆಡಳಿತಾವಧಿಯಲ್ಲಿ. ನಾಲ್ಕನೆಯದು ಅವರ ಹೆಸರನ್ನೇ ಹೊತ್ತಿದೆ. ಅವರೇ ಸರ್ ಕೆ. ಶೇಷಾದ್ರಿ ಅಯ್ಯರ್.

ಶಿವನಸಮುದ್ರದ ವಿದ್ಯುತ್ತು, ಮಾರಿಕಣಿವೆಯ ಅಣೆಕಟ್ಟೆ, ಕೋಲಾರದ ಚಿನ್ನದ ಗಣಿ ಇವುಗಳ ಪ್ರಸ್ತಾಪ ಬಂದಾಗಲೆಲ್ಲ ಅಯ್ಯರ್ ಅವರ ಸ್ಮರಣೆ ನಡೆಯುತ್ತದೆ. ಆದರೆ ಇಕ್ಕಟ್ಟಾದ ಊರೊಂದರ ಜನ ಎಲ್ಲಿ, ಹೇಗೆ ವಾಸಿಸಬೇಕು ಎಂಬ ಪ್ರಶ್ನೆಯನ್ನು ಸರ್ಕಾರದ ಹೊಣೆಯೆಂದು ಕೈಗೆತ್ತಿಕೊಂಡ ಅವರ ಕೆಲಸ ಅಷ್ಟಾಗಿ ಚರ್ಚೆಗೆ ಬಂದಿಲ್ಲ. 2019ರ ಆಗಸ್ಟ್ ಮಳೆಯಲ್ಲಿ ಗುಡ್ಡ ಕುಸಿದು ಮಲೆಮನೆ, ಮಧುಗುಂಡಿ ಮುಂತಾದ ಕಡೆ ಮನೆ ಮಠ ಕಳೆದುಕೊಂಡವರನ್ನು ಕಂಡ ಈ ಸೀಮೆಗೆ ಆ ಪ್ರಶ್ನೆ ಹಳೆಯದೇನೂ ಅಲ್ಲ. ಜನರನ್ನು ಒಂದೆಡೆಯಿಂದ ಎಬ್ಬಿಸುವ ಮುನ್ನ ಇನ್ನೊಂದೆಡೆ ಏನೇನು ಸಿದ್ಧವಾಗಿರಬೇಕು, ಹಾಗೆ ಸಿದ್ಧವಾದ ನೆಲದಲ್ಲಿ ಯಾರಿಗೆ ಜಾಗ ಸಿಗುತ್ತದೆ, ಯಾರು ಹೊರಗುಳಿಯುತ್ತಾರೆ ಎಂಬುದಕ್ಕೆ ಅಯ್ಯರ್ ಅವರ ಬದುಕಿನಲ್ಲಿ ಒಂದು ಪಾಠವಿದೆ. ಆ ಪಾಠಕ್ಕೆ ಎರಡು ಮುಖಗಳಿವೆ.

ಪಾಲ್ಘಾಟಿನಿಂದ ಮೈಸೂರಿಗೆ

ಶೇಷಾದ್ರಿ ಅಯ್ಯರ್ ಜನಿಸಿದ್ದು 1845ರ ಜೂನ್ 1ರಂದು, ಪಾಲ್ಘಾಟ್ ಬಳಿಯ ಕುಮಾರಪುರಂನಲ್ಲಿ. ತಂದೆ ಅನಂತನಾರಾಯಣ ಅಯ್ಯರ್ ಕಲ್ಲಿಕೋಟೆಯಲ್ಲಿ ವಕೀಲರಾಗಿದ್ದರು. ಕಲ್ಲಿಕೋಟೆಯಲ್ಲಿ ಶಿಕ್ಷಣ ಪಡೆದು, ಮದರಾಸಿನ ಪ್ರೆಸಿಡೆನ್ಸಿ ಕಾಲೇಜು ಸೇರಿ, 1868ರಲ್ಲಿ ಪದವೀಧರರಾದರು. ಮಲಬಾರ್ ಕಲೆಕ್ಟರರ ಕಚೇರಿಯಲ್ಲಿ ಭಾಷಾಂತರಕಾರರಾಗಿ ನೌಕರಿ ಆರಂಭಿಸಿದ ಈ ತರುಣನ ಸಾಮರ್ಥ್ಯವನ್ನು ಗುರುತಿಸಿದವರು ಅಲ್ಲಿ ಅಧಿಕಾರಿಯಾಗಿದ್ದ ಸಿ. ರಂಗಾಚಾರ್ಲು. ರಂಗಾಚಾರ್ಲು ಮೈಸೂರು ಸೇವೆಗೆ ಬಂದಾಗ ಅಯ್ಯರ್ ಕೂಡ ಅದೇ ವರ್ಷ ಮೈಸೂರಿಗೆ ಬಂದು ಅಷ್ಟಗ್ರಾಮ ವಿಭಾಗದಲ್ಲಿ ನ್ಯಾಯಾಂಗದ ಶಿರಸ್ತೇದಾರರಾದರು.

ಆಗ ಮೈಸೂರು ಬ್ರಿಟಿಷ್ ಕಮಿಷನರರ ಆಳ್ವಿಕೆಯಲ್ಲಿತ್ತು. ಅಯ್ಯರ್ ನೌಕರಿಯಲ್ಲಿದ್ದುಕೊಂಡೇ ಓದು ಮುಂದುವರಿಸಿ 1874ರಲ್ಲಿ ಕಾನೂನು ಪದವಿ ಪಡೆದರು. ಎರಡು ವರ್ಷಗಳ ತರುವಾಯ ಬಂದ ಕ್ಷಾಮ ಸಂಸ್ಥಾನವನ್ನೇ ಅಲ್ಲಾಡಿಸಿತು. 1876ರಿಂದ 1878ರವರೆಗಿನ ಆ ಡೊಗೆಯಲ್ಲಿ ಮೈಸೂರಿನ ಜನಸಂಖ್ಯೆಯ ಸುಮಾರು ಐದನೆಯ ಒಂದು ಭಾಗ ನಾಶವಾಯಿತು. ಹಸಿದವರು ಹಳ್ಳಿ ತೊರೆದು ಪಟ್ಟಣಗಳ ದಾರಿ ಹಿಡಿದರು. ನೀರಿಲ್ಲದ, ನೆಲೆಯಿಲ್ಲದ ಜನಸಂದಣಿ ಎಂದರೇನು ಎಂಬುದನ್ನು ಆ ತಲೆಮಾರಿನ ಅಧಿಕಾರಿಗಳು ಕಣ್ಣಾರೆ ಕಂಡರು. ಕ್ಷಾಮ ಕಳೆದ ಮೇಲೆ ಅಯ್ಯರ್ ತುಮಕೂರಿನ ಡೆಪ್ಯುಟಿ ಕಮಿಷನರ್ ಹಾಗೂ ಜಿಲ್ಲಾ ಮ್ಯಾಜಿಸ್ಟ್ರೇಟರಾಗಿ ಕೆಲಸ ಮಾಡಿದರು.

1881ರ ಮಾರ್ಚ್ 25ರಂದು ಸಂಸ್ಥಾನ ಮತ್ತೆ ಒಡೆಯರ ಕೈ ಸೇರಿತು. ಹತ್ತನೆಯ ಚಾಮರಾಜೇಂದ್ರ ಒಡೆಯರ್ ಪಟ್ಟಕ್ಕೆ ಬಂದರು, ರಂಗಾಚಾರ್ಲು ದಿವಾನರಾದರು. 1883ರ ಜನವರಿಯಲ್ಲಿ ರಂಗಾಚಾರ್ಲು ನಿಧನರಾದಾಗ ಆ ಸ್ಥಾನಕ್ಕೆ ಬಂದವರು ಇನ್ನೂ 37ರ ಹರೆಯದ ಶೇಷಾದ್ರಿ ಅಯ್ಯರ್. ಅಲ್ಲಿಂದ 1901ರವರೆಗೆ, ಹದಿನೆಂಟು ವರ್ಷ ಅವರೇ ದಿವಾನರು. ಮೈಸೂರಿನ ದಿವಾನರಲ್ಲಿ ಅಷ್ಟು ದೀರ್ಘಕಾಲ ಒಂದೇ ಸಮನೆ ಆಡಳಿತ ನಡೆಸಿದವರು ವಿರಳ.

ಸಾಲದ ರಾಜ್ಯದ ಲೆಕ್ಕಾಚಾರ

ಅಯ್ಯರ್ ಅವರಿಗೆ ದೊರೆತದ್ದು ಬರಿದಾದ ಬೊಕ್ಕಸ. ಕ್ಷಾಮ ಕಾಲದ ಸಾಲವೇ 80 ಲಕ್ಷ ರೂಪಾಯಿಯಷ್ಟಿತ್ತು. ಕ್ಷಾಮದಲ್ಲಿ ಧಾನ್ಯ ಸಾಗಿಸಲು ದಾರಿಯಿಲ್ಲದೆ ಜನ ಸತ್ತದ್ದನ್ನು ಮರೆಯದ ಸರ್ಕಾರ ರೈಲು ಮಾರ್ಗಕ್ಕೆ ಆದ್ಯತೆ ಕೊಟ್ಟಿತು. ಬೆಂಗಳೂರಿನಿಂದ ತುಮಕೂರಿನ ಮೂಲಕ ಹರಿಹರದತ್ತ ಹೊರಟ ಮಾರ್ಗ 1889ರ ಹೊತ್ತಿಗೆ ಪೂರ್ಣಗೊಂಡಿತು. ನಮ್ಮ ಜಿಲ್ಲೆಗೆ ಆಗ ಕಡೂರು ಜಿಲ್ಲೆ ಎಂದೇ ಹೆಸರು. ಆ ಜಿಲ್ಲೆಯ ಬಯಲು ಭಾಗದ ಕಡೂರು, ಬೀರೂರುಗಳಿಗೆ ರೈಲು ಬಂದದ್ದು ಹೀಗೆ.

ರೈಲು, ನೀರಾವರಿ, ಗಣಿ ಇವೆಲ್ಲ ಸೇರಿ ಒಂದು ದಶಕದೊಳಗೆ ಸಾಲದ ರಾಜ್ಯ ಉಳಿತಾಯದ ರಾಜ್ಯವಾಯಿತು. ಆ ಉಳಿತಾಯವಿದ್ದುದರಿಂದಲೇ ಮುಂದೆ ಊರು ಕಟ್ಟುವ ಕೆಲಸಕ್ಕೆ ಸರ್ಕಾರ ಕೈ ಹಾಕಲು ಸಾಧ್ಯವಾಯಿತು. ಆದರೆ ರೈಲು ತಂದದ್ದು ಧಾನ್ಯವನ್ನೂ ವ್ಯಾಪಾರವನ್ನೂ ಮಾತ್ರವಲ್ಲ. ಅದೇ ಹಳಿಯ ಮೇಲೆ ಕೆಲವು ವರ್ಷಗಳ ನಂತರ ಮಹಾಮಾರಿಯೊಂದು ಬರಲಿತ್ತು.

ಕಸುಬಿಗೊಂದು ಪೇಟೆ

ಆ ಕಾಲದ ಬೆಂಗಳೂರು ಎರಡು ಊರು. ಒಂದು, 1537ರಲ್ಲಿ ಕೆಂಪೇಗೌಡರು ಕಟ್ಟಿದರೆಂದು ಹೇಳುವ ಪೇಟೆ. ಇನ್ನೊಂದು, 1809ರಲ್ಲಿ ಶ್ರೀರಂಗಪಟ್ಟಣದಿಂದ ಬ್ರಿಟಿಷ್ ಸೇನೆ ಸ್ಥಳಾಂತರಗೊಂಡಾಗ ಹುಟ್ಟಿದ ದಂಡು. ರಾಜ್ಯವನ್ನು ಮರಳಿಸಿದಾಗಲೂ ದಂಡು ಪ್ರದೇಶವನ್ನು ಬ್ರಿಟಿಷರು ತಮ್ಮ ಬಳಿಯೇ ಇಟ್ಟುಕೊಂಡರು. ದಂಡಿನಲ್ಲಿ ವಿಶಾಲವಾದ ಬಂಗಲೆಗಳು, ಮೈದಾನಗಳಿದ್ದವು. ದಿವಾನರ ಆಡಳಿತಕ್ಕೆ ಒಳಪಟ್ಟದ್ದು ಜನ ತುಂಬಿ ತುಳುಕುತ್ತಿದ್ದ ಪೇಟೆ.

ಅಕ್ಕಿಪೇಟೆ, ಬಳೇಪೇಟೆ, ರಾಗಿಪೇಟೆ, ಅರಳೆಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ, ತಿಗಳರಪೇಟೆ ಎಂದು ಕಸುಬಿಗೊಂದು ಪೇಟೆಯಿತ್ತು. ಅಲ್ಲಿ ಮನೆಯೇ ಅಂಗಡಿ, ಮನೆಯೇ ಕಾರ್ಖಾನೆ. ಜಗುಲಿಯಲ್ಲಿ ವ್ಯಾಪಾರ, ನಡುಮನೆಯಲ್ಲಿ ಮಗ್ಗ, ಹಿತ್ತಿಲಲ್ಲಿ ದನ. ಗೋಡೆಗೆ ಗೋಡೆ ತಾಗಿದ ಮನೆಗಳ ನಡುವಿನ ಓಣಿಗಳಲ್ಲಿ ಎತ್ತಿನ ಗಾಡಿ ತಿರುಗುವುದೂ ಕಷ್ಟ. ಕೆಲಸ, ಬಂಧು ಬಳಗ, ದೇವಸ್ಥಾನ, ಸಾಲ ಕೊಡುವ ಸಾಹುಕಾರ ಎಲ್ಲರೂ ನಾಲ್ಕು ಹೆಜ್ಜೆಯಲ್ಲಿ ಸಿಗುತ್ತಿದ್ದುದರಿಂದ ಆ ಇಕ್ಕಟ್ಟಿಗೂ ಒಂದು ಅರ್ಥವಿತ್ತು. ಆದರೆ ನೀರಿಗೆ ಧರ್ಮಾಂಬುಧಿಯಂಥ ಕೆರೆಗಳು ಹಾಗೂ ಬಾವಿಗಳೇ ಗತಿ. ಮಳೆ ಕೈಕೊಟ್ಟ ವರ್ಷ ಕೆರೆ ಬತ್ತುತ್ತಿತ್ತು; ಮಳೆ ಬಂದ ವರ್ಷ ಚರಂಡಿಯ ಕೊಳಕು ಬಾವಿಗೆ ಇಳಿಯುತ್ತಿತ್ತು.

ಮೊದಲು ನಕ್ಷೆ, ಆಮೇಲೆ ನೀರು

ಪೇಟೆಯ ಹೊರಗೆ ಹೊಸ ವಸತಿ ಮಾಡುವ ಯೋಚನೆ 1890ರ ದಶಕದ ಆರಂಭದಲ್ಲಿ ಕಾರ್ಯರೂಪಕ್ಕೆ ಬಂತು. ಕೋಟೆಯ ಪಶ್ಚಿಮಕ್ಕೆ 1892ರಲ್ಲಿ ಚಾಮರಾಜಪೇಟೆ ತಲೆಯೆತ್ತಿತು. ಮಹಾರಾಜರ ಹೆಸರಿನ ಈ ಬಡಾವಣೆಯಲ್ಲಿ ಸಮಾನಾಂತರವಾದ ಮುಖ್ಯ ರಸ್ತೆಗಳು, ಅವನ್ನು ಕತ್ತರಿಸುವ ಅಡ್ಡ ರಸ್ತೆಗಳು ಇದ್ದವು. ಈಗ ನಮಗೆ ಸಹಜವಾಗಿ ತೋರುವ ಮೊದಲನೆಯ ಮುಖ್ಯ ರಸ್ತೆ, ಎರಡನೆಯ ಅಡ್ಡ ರಸ್ತೆ ಎಂಬ ವಿಳಾಸದ ಕ್ರಮ ಅಂದಿನ ಪೇಟೆಯ ಜನರಿಗೆ ಹೊಸತು. ಹೆಸರಿನಲ್ಲಿ ಪೇಟೆ ಎಂದೇ ಉಳಿದರೂ ಕಸುಬನ್ನೂ ಮನೆಯನ್ನೂ ಬೇರ್ಪಡಿಸಿದ ವಸತಿ ಅದು. ಉತ್ತರಕ್ಕೆ ಮಲ್ಲಪುರದ ಕಾಡುಮಲ್ಲೇಶ್ವರನ ಸನ್ನಿಧಿ, ದಕ್ಷಿಣಕ್ಕೆ ಸುಂಕೇನಹಳ್ಳಿಯ ದೊಡ್ಡ ಬಸವಣ್ಣನ ಗುಡಿ, ಇವುಗಳ ಸುತ್ತಲಿನ ಹೊಲ ಗದ್ದೆಗಳಲ್ಲಿ ಇನ್ನೆರಡು ಬಡಾವಣೆಗಳ ನಕ್ಷೆಯೂ ಅದೇ ಅವಧಿಯಲ್ಲಿ ಸಿದ್ಧವಾಯಿತು.

ನಕ್ಷೆ ಎಳೆದ ಮಾತ್ರಕ್ಕೆ ಊರಾಗುವುದಿಲ್ಲ. ಅಯ್ಯರ್ ಆಡಳಿತ ಮುಂದೆ ಹೊರಳಿದ್ದು ನೀರಿನ ಕಡೆಗೆ. ಬೆಂಗಳೂರಿನಿಂದ ಸುಮಾರು 18 ಕಿಲೋಮೀಟರ್ ದೂರದ ಹೆಸರಘಟ್ಟದಲ್ಲಿ ಅರ್ಕಾವತಿಯ ನೀರನ್ನು ಕೆರೆಯಲ್ಲಿ ಹಿಡಿದು, ಇಟ್ಟಿಗೆಯ ಕಾಲುವೆಯ ಮೂಲಕ ಸೋಲದೇವನಹಳ್ಳಿಗೆ ಹರಿಸಿ, ಅಲ್ಲಿಂದ ಉಗಿಯಂತ್ರದ ಬಲದಿಂದ ಊರಿಗೆ ಏರಿಸುವ ಯೋಜನೆ 1894ರಲ್ಲಿ ಕೈಗೂಡಿತು. 1896ರ ಹೊತ್ತಿಗೆ ಕೊಳಾಯಿಯಲ್ಲಿ ನೀರು ಬಂತು. ಮಡಕೆ ಹಿಡಿದು ಕೆರೆಗೆ ಹೋಗುತ್ತಿದ್ದ ಊರಿನಲ್ಲಿ ಅದೊಂದು ದೊಡ್ಡ ಬದಲಾವಣೆ. ಈ ನಡುವೆ 1894ರ ಡಿಸೆಂಬರಿನಲ್ಲಿ ಚಾಮರಾಜೇಂದ್ರ ಒಡೆಯರ್ ಕಲ್ಕತ್ತೆಯಲ್ಲಿ ಅಕಾಲ ಮರಣಕ್ಕೆ ತುತ್ತಾದರು. ವಾಣಿವಿಲಾಸ ಸನ್ನಿಧಾನದವರು ರೀಜೆಂಟರಾದರು. ದಿವಾನಗಿರಿ ಅಯ್ಯರ್ ಅವರಲ್ಲೇ ಮುಂದುವರಿಯಿತು. ನೀರಿನ ಯೋಜನೆಗೆ ಅಗಲಿದ ಮಹಾರಾಜರ ಹೆಸರೇ ಉಳಿಯಿತು.

ನಕ್ಷೆ ಇತ್ತು, ನೀರೂ ಇತ್ತು. ಆದರೆ ಜನ ಹೊಸ ಜಾಗಕ್ಕೆ ಹೋಗಲು ಹಿಂಜರಿದರು. ಅಂಗಡಿಯಿಂದ ದೂರ, ನೆಂಟರಿಂದ ದೂರ, ಸಂಜೆಯಾದರೆ ನರಪಿಳ್ಳೆ ಕಾಣದ ಬಯಲು. ತಲೆತಲಾಂತರದಿಂದ ಒಂದೇ ಓಣಿಯಲ್ಲಿ ಬಾಳಿದವರಿಗೆ ನಿವೇಶನದ ಅಗಲ ಒಂದು ಆಕರ್ಷಣೆಯಾಗಿ ತೋರಲಿಲ್ಲ.

1898ರ ಮಹಾಮಾರಿ

ಬೊಂಬಾಯಿಯಲ್ಲಿ 1896ರಲ್ಲಿ ಕಾಣಿಸಿಕೊಂಡ ಪ್ಲೇಗು ಎರಡು ವರ್ಷಗಳಲ್ಲಿ ಹುಬ್ಬಳ್ಳಿ ತಲುಪಿತು. ಅಲ್ಲಿಂದ ರೈಲಿನಲ್ಲಿ ಬಂದವರೊಡನೆ 1898ರ ಆಗಸ್ಟ್ ತಿಂಗಳಲ್ಲಿ ಬೆಂಗಳೂರಿಗೆ ಕಾಲಿಟ್ಟಿತು. ಇಲಿ ಬೀಳುವುದು, ಜ್ವರ ಬರುವುದು, ಕಂಕುಳಲ್ಲೋ ತೊಡೆಯ ಸಂದಿನಲ್ಲೋ ಗಡ್ಡೆ ಏಳುವುದು, ಮೂರು ನಾಲ್ಕು ದಿನಗಳಲ್ಲಿ ಪ್ರಾಣ ಹೋಗುವುದು. ಗಾಳಿ ಬೆಳಕಿಲ್ಲದ ಪೇಟೆಯ ಮನೆಗಳು ರೋಗಕ್ಕೆ ಹಾಸಿಗೆ ಹಾಸಿದಂತಿದ್ದವು. ಇಲಿಯ ಮೈಮೇಲಿನ ಚಿಗಟದಿಂದ ಸೋಂಕು ಹರಡುತ್ತದೆಂಬ ಸಂಗತಿ ಆಗ ವೈದ್ಯರಿಗೂ ಖಚಿತವಿರಲಿಲ್ಲ. ಕೊಳಕು, ಕತ್ತಲೆ, ಇಕ್ಕಟ್ಟು ಇವೇ ಕಾರಣವೆಂದು ನಂಬಲಾಗಿತ್ತು.

ಸರ್ಕಾರ ವಿ.ಪಿ. ಮಾಧವರಾವ್ ಅವರನ್ನು ಪ್ಲೇಗ್ ಕಮಿಷನರರನ್ನಾಗಿ ನೇಮಿಸಿತು. ರೈಲು ನಿಲ್ದಾಣಗಳಲ್ಲಿ ಪ್ರಯಾಣಿಕರ ತಪಾಸಣೆ, ಊರ ಹೊರಗೆ ಶಿಬಿರಗಳು, ಸೋಂಕಿತರ ಮನೆಯ ಹೆಂಚು ತೆಗೆದು ಬಿಸಿಲು ಬಿಡುವುದು, ಸುಣ್ಣ ಬಳಿಯುವುದು, ಸಾಮಾನು ಸುಡುವುದು, ವಾಸಕ್ಕೆ ತಕ್ಕದ್ದಲ್ಲವೆನಿಸಿದ ಮನೆಗಳನ್ನು ಕೆಡಹುವುದು, ಚುಚ್ಚುಮದ್ದು ಹಾಕುವುದು ಹೀಗೆ ಕ್ರಮಗಳು ಸಾಗಿದವು. ಪೇಟೆಯ ಕೆಲವು ಓಣಿಗಳು ಅಗಲವಾದವು. ರೋಗದ ವರ್ತಮಾನ ಬೇಗ ತಲುಪಲೆಂದು ಟೆಲಿಫೋನ್ ತಂತಿ ಎಳೆಯಲಾಯಿತು.

ಈ ಕ್ರಮಗಳನ್ನು ಜನ ಕೃತಜ್ಞತೆಯಿಂದ ಸ್ವೀಕರಿಸಿದರೆಂದು ಹೇಳಲಾಗದು. ಹೆಂಗಸರ ತಪಾಸಣೆ, ಮನೆಯವರನ್ನು ಎಳೆದೊಯ್ಯುವುದು, ಶವಸಂಸ್ಕಾರಕ್ಕೂ ಅಡ್ಡಿ ಬರುವುದು ಇವು ರೋಗಕ್ಕಿಂತ ಭಯಂಕರವಾಗಿ ಕಂಡವು. ಶ್ರೀರಂಗಪಟ್ಟಣದ ಬಳಿಯ ಗಂಜಾಮಿನಲ್ಲಿ ಪ್ಲೇಗಿನ ಕಟ್ಟಳೆಗಳ ವಿರುದ್ಧ ಗಲಭೆಯೇ ನಡೆಯಿತು. ರೋಗಿಯನ್ನು ಬಚ್ಚಿಡುವುದು, ರಾತ್ರೋರಾತ್ರಿ ಊರು ಬಿಡುವುದು ಸಾಮಾನ್ಯವಾಯಿತು. ಊರ ಹೊರಗಿನ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಕಳೆದ ಕಥೆಗಳನ್ನು ಕನ್ನಡ ನಾಡಿನ ಅನೇಕ ಮನೆತನಗಳ ಹಿರಿಯರು ಮೊಮ್ಮಕ್ಕಳಿಗೆ ಹೇಳುತ್ತ ಬಂದರು. ಬೆಂಗಳೂರಿನಲ್ಲಿ ಪ್ಲೇಗಮ್ಮನ ಗುಡಿಗಳು ಎದ್ದವು.

ಈ ಕೋಲಾಹಲದ ನಡುವೆ ದಿವಾನರ ಕೈಯಲ್ಲಿ ಒಂದು ಅನುಕೂಲವಿತ್ತು. ಹೊಸ ಬಡಾವಣೆಗಳ ನೆಲ, ನಕ್ಷೆ, ನೀರು ಆಗಲೇ ಸಿದ್ಧವಾಗಿದ್ದವು. ಜನರನ್ನು ಶಿಬಿರಗಳಿಂದ ಮತ್ತೆ ಅದೇ ಕತ್ತಲ ಓಣಿಗೆ ಕಳುಹಿಸುವ ಬದಲು ಹೊಸ ನಿವೇಶನಗಳತ್ತ ಕರೆದೊಯ್ಯುವ ದಾರಿ ತೆರೆದಿತ್ತು. ಆರು ವರ್ಷ ಜನ ಒಲ್ಲೆನೆಂದ ಜಾಗಕ್ಕೆ ಈಗ ಬೇಡಿಕೆ ಬಂತು. ಮಲ್ಲೇಶ್ವರ, ಬಸವನಗುಡಿಗಳ ಹುಟ್ಟಿದ ವರ್ಷ ಎಂದು 1898ನ್ನು ಹೇಳುವುದು ಈ ಕಾರಣಕ್ಕೆ.

ಬಡಾವಣೆಯ ಒಳಗಿನ ವ್ಯವಸ್ಥೆ

ಮಲ್ಲೇಶ್ವರ, ಬಸವನಗುಡಿಗಳ ರಚನೆಯಲ್ಲಿ ಆರೋಗ್ಯದ ಲೆಕ್ಕಾಚಾರ ಎದ್ದು ಕಾಣುತ್ತದೆ. ನಿವೇಶನದ ಎಲ್ಲ ನೆಲವನ್ನೂ ಮನೆ ನುಂಗದಂತೆ ಸುತ್ತ ಬಯಲು ಬಿಡಬೇಕಿತ್ತು. ರಸ್ತೆಗಳು ಅಗಲವಾಗಿದ್ದು ಸಾಲು ಮರಗಳನ್ನು ಬೆಳೆಸಲಾಯಿತು. ಸಂಪಿಗೆ ರಸ್ತೆ, ಮಾರ್ಗೋಸಾ ರಸ್ತೆ ಎಂಬ ಹೆಸರುಗಳು ಇಂದಿಗೂ ಅದನ್ನೇ ಹೇಳುತ್ತವೆ. ಬಸವನಗುಡಿಯಲ್ಲಿ ರಸ್ತೆಗಳು ನಡುವಿನ ವೃತ್ತದಿಂದ ಓರೆಯಾಗಿಯೂ ಹೊರಟವು. ಮಾರುಕಟ್ಟೆ, ಶಾಲೆ, ದೇವಸ್ಥಾನ, ಉದ್ಯಾನಗಳಿಗೆ ಸ್ಥಳ ಉಳಿಯಿತು.

ಮನೆಗಳ ಎರಡು ಸಾಲಿನ ಬೆನ್ನ ಹಿಂದೆ ಕಿರಿದಾದ ಓಣಿಗಳನ್ನು ಬಿಡಲಾಗಿತ್ತು. ಕನ್ಸರ್ವೆನ್ಸಿ ಓಣಿ ಎಂದು ಇವುಗಳಿಗೆ ಹೆಸರು. ಒಳಚರಂಡಿ ಇನ್ನೂ ಬಾರದ ಆ ಕಾಲದಲ್ಲಿ ಹಿತ್ತಿಲ ಕಕ್ಕಸಿನಿಂದ ಮಲವನ್ನು ಹೊತ್ತೊಯ್ಯಲು ಮಾಡಿದ ದಾರಿ ಅದು. ಮುಂದಿನ ರಸ್ತೆಯಲ್ಲಿ ನಡೆದಾಡುವವರ ಕಣ್ಣಿಗೆ ಆ ಕೆಲಸವೂ ಬೀಳದು, ಆ ಕೆಲಸ ಮಾಡುವವರೂ ಬೀಳರು.

ಪಾಠದ ಎರಡನೆಯ ಮುಖ ಕಾಣುವುದು ಇಲ್ಲಿಯೇ. ಮಲ್ಲೇಶ್ವರವನ್ನು ಎಂಟು ಬ್ಲಾಕುಗಳಾಗಿ ವಿಂಗಡಿಸಿದಾಗ ಆ ವಿಂಗಡಣೆಗೆ ಜಾತಿ ಆಧಾರವಾಯಿತು. ಬಸವನಗುಡಿಯಲ್ಲೂ ಯಾವ ಜಾತಿಯವರಿಗೆ ಯಾವ ಭಾಗ ಎಂಬ ನಿಗದಿ ನಡೆಯಿತು. ಪೇಟೆಯಲ್ಲಿ ಕಸುಬಿನ ಜೊತೆಗೆ ತಾನಾಗಿ ಬೆಳೆದಿದ್ದ ಜಾತಿಯ ಗೆರೆ ಹೊಸ ಬಡಾವಣೆಯಲ್ಲಿ ಸರ್ಕಾರದ ನಕ್ಷೆಯ ಮೇಲೆಯೇ ಮೂಡಿತು. ಜನ ತಮ್ಮವರ ನಡುವೆ ಇರಬಯಸುತ್ತಾರೆ, ಹಾಗೆ ಮಾಡಿದರೆ ಬೇಗ ಬರುತ್ತಾರೆ ಎಂಬ ಲೆಕ್ಕ ಅಧಿಕಾರಿಗಳಿಗೆ ಇದ್ದಿರಬಹುದು. ಪರಿಣಾಮದಲ್ಲಿ ಮಾತ್ರ ಅದು ಹಳೆಯ ತಾರತಮ್ಯಕ್ಕೆ ಹೊಸ ರಸ್ತೆ ಹಾಕಿಕೊಟ್ಟಂತಾಯಿತು.

ನಿವೇಶನ ಕೊಂಡು ಮನೆ ಕಟ್ಟಿಸಬಲ್ಲವರು ಸರ್ಕಾರಿ ನೌಕರರು, ವಕೀಲರು, ಅಧ್ಯಾಪಕರು, ವ್ಯಾಪಾರಸ್ಥರು. ಪೇಟೆಯ ಬಾಡಿಗೆ ಮನೆಯಲ್ಲಿದ್ದ ನೇಯ್ಗೆಯವರು, ಹಮಾಲರು, ಕೂಲಿಯವರಿಗೆ ಅದು ಎಟುಕದ ಮಾತು. ಮನೆ ಕೆಡವಿದಾಗ ಪರಿಹಾರ ಸಿಗುವುದು ಮನೆಯ ಮಾಲೀಕನಿಗೆ; ಬಾಡಿಗೆದಾರನಿಗೆ ಉಳಿಯುವುದು ಮತ್ತೊಂದು ಕತ್ತಲ ಕೋಣೆಯ ಹುಡುಕಾಟ. ಬಡಾವಣೆಗೆ ನೆಲ ಬಿಟ್ಟುಕೊಟ್ಟ ಹಳ್ಳಿಗಳ ರೈತಾಪಿ ಜನ ಹೊಸ ಊರಿನ ಅಂಚಿಗೆ ಸರಿದರು. ಹಿತ್ತಿಲ ಓಣಿಯಲ್ಲಿ ಮಲ ಹೊರುವವರ ದುಡಿಮೆಯ ಮೇಲೆ ಆ ಬಡಾವಣೆಯ ಆರೋಗ್ಯವೆಲ್ಲ ನಿಂತಿತ್ತು. ಆದರೂ ಅವರ ಮನೆಗೆ ಅಲ್ಲಿ ಸ್ಥಳವಿರಲಿಲ್ಲ.

ಕೊನೆಯ ದಿನಗಳು

ಅಯ್ಯರ್ ಸ್ವತಃ ವಾಸಿಸಿದ್ದು ಪೇಟೆಯಲ್ಲೂ ಅಲ್ಲ, ಹೊಸ ಬಡಾವಣೆಯಲ್ಲೂ ಅಲ್ಲ. ಅರಮನೆಗೆ ಹೆಚ್ಚು ದೂರವಿಲ್ಲದ ಎತ್ತರದ ಜಾಗದ ಕುಮಾರಕೃಪಾ ಅವರ ಬಂಗಲೆ. ಇಂದು ಅದು ಸರ್ಕಾರಿ ಅತಿಥಿಗೃಹವಾಗಿ ರಾಜಕೀಯ ಸುದ್ದಿಗಳಲ್ಲಿ ಕಾಣಿಸಿಕೊಳ್ಳುತ್ತದೆ. 1893ರಲ್ಲಿ ಅವರಿಗೆ ಸರ್ ಪದವಿ ಬಂದಿತ್ತು. ಕೀರ್ತಿಯ ಜೊತೆಗೆ ಟೀಕೆಯೂ ಇತ್ತು. ಆಯಕಟ್ಟಿನ ಹುದ್ದೆಗಳಿಗೆ ಮದರಾಸಿನವರನ್ನೇ ತರುತ್ತಾರೆ, ಮೈಸೂರಿನವರನ್ನು ಕಡೆಗಣಿಸುತ್ತಾರೆ ಎಂಬ ಅಸಮಾಧಾನ ಅವರ ಕಾಲದುದ್ದಕ್ಕೂ ಇತ್ತು. ಅಂದಿನ ಪತ್ರಿಕೆಗಳು ಅದನ್ನು ಬರೆದವು. ಅಧಿಕಾರವನ್ನು ಒಂದೇ ಕೈಯಲ್ಲಿ ಹಿಡಿದಿಟ್ಟುಕೊಂಡರೆಂಬ ಮಾತೂ ಇತ್ತು. ಮತ್ತೊಂದೆಡೆ, 1891ರಲ್ಲಿ ಪ್ರಜಾಪ್ರತಿನಿಧಿ ಸಭೆಗೆ ಚುನಾವಣೆಯ ಕ್ರಮ ಬಂದದ್ದೂ ಅವರ ಅವಧಿಯಲ್ಲಿಯೇ.

1900ರ ಡಿಸೆಂಬರಿನಲ್ಲಿ ಲಾರ್ಡ್ ಕರ್ಜನ್ ವಿಕ್ಟೋರಿಯಾ ಆಸ್ಪತ್ರೆಯನ್ನು ಉದ್ಘಾಟಿಸಿದರು. ಪ್ಲೇಗಿನಿಂದ ತತ್ತರಿಸಿದ ಊರಿಗೆ ಅದು ಬೇಕಾಗಿದ್ದ ಸಂಸ್ಥೆ. ಜಮ್ಶೇಟ್‌ಜಿ ಟಾಟಾ ಯೋಜಿಸಿದ್ದ ವಿಜ್ಞಾನ ಸಂಸ್ಥೆ ಬೆಂಗಳೂರಿಗೆ ಬರಲು ಅಯ್ಯರ್ ತೋರಿದ ಆಸಕ್ತಿಯೂ ಒಂದು ಕಾರಣವಾಯಿತು. ಅಷ್ಟರಲ್ಲಿ ಆರೋಗ್ಯ ಕೈಕೊಟ್ಟಿತು. 1901ರಲ್ಲಿ ಅವರು ದಿವಾನಗಿರಿಯಿಂದ ನಿವೃತ್ತರಾದರು. ಅದೇ ವರ್ಷ ಸೆಪ್ಟೆಂಬರ್ 13ರಂದು, 56ನೆಯ ವಯಸ್ಸಿನಲ್ಲಿ ನಿಧನ ಹೊಂದಿದರು. ಅವರು ಆರಂಭಿಸಿದ ಶಿವನಸಮುದ್ರದ ವಿದ್ಯುತ್ತು ಕೋಲಾರದ ಗಣಿಗೆ ಹರಿದದ್ದು 1902ರಲ್ಲಿ. ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಬೆಳಗಿದ್ದು 1905ರಲ್ಲಿ. ಎರಡನ್ನೂ ನೋಡುವ ಭಾಗ್ಯ ಅವರಿಗಿರಲಿಲ್ಲ. ಕಬ್ಬನ್ ಪಾರ್ಕಿನಲ್ಲಿ ಅವರ ಪ್ರತಿಮೆ 1913ರಲ್ಲಿ ಅನಾವರಣಗೊಂಡಿತು. ಅದರ ಹಿಂದಿನ ಕೆಂಪು ಬಣ್ಣದ ಶೇಷಾದ್ರಿ ಅಯ್ಯರ್ ಸ್ಮಾರಕ ಭವನ ಇಂದು ರಾಜ್ಯ ಕೇಂದ್ರ ಗ್ರಂಥಾಲಯ.

ದಿವಾನರ ನಂತರದ ನಗರ

ಅಯ್ಯರ್ ಹಾಕಿಕೊಟ್ಟ ದಾರಿಯಲ್ಲಿ ಬೆಂಗಳೂರು ಮುಂದಿನ ಅರ್ಧ ಶತಮಾನ ನಡೆಯಿತು. ಊರು ಇಕ್ಕಟ್ಟಾದರೆ ಹೊರಗೊಂದು ಬಡಾವಣೆ ಎಂಬುದೇ ಸೂತ್ರ. ಪ್ಲೇಗಿನ ಅನುಭವದಿಂದ ಪಾಠ ಕಲಿತ ದಂಡಿನ ಆಡಳಿತವೂ ಕೆಲವೇ ವರ್ಷಗಳಲ್ಲಿ ಫ್ರೇಜರ್ ಟೌನ್ ಕಟ್ಟಿತು. ಬೊಂಬಾಯಿಯಲ್ಲಿ 1898ರಲ್ಲಿ ನಗರ ಸುಧಾರಣಾ ಟ್ರಸ್ಟ್ ಆರಂಭವಾದ ಬೆನ್ನಿಗೇ 1903ರಲ್ಲಿ ಮೈಸೂರು ನಗರಕ್ಕೂ ಅಂತಹ ಮಂಡಳಿ ಬಂತು. ಬೆಂಗಳೂರಿಗೆ ಪ್ರತ್ಯೇಕ ನಗರ ಸುಧಾರಣಾ ಮಂಡಳಿ ಬಂದದ್ದು 1945ರಲ್ಲಿ. ಜಯನಗರಕ್ಕೆ 1948ರಲ್ಲಿ ಶಂಕುಸ್ಥಾಪನೆಯಾಯಿತು. 1949ರಲ್ಲಿ ಪೇಟೆ ಮತ್ತು ದಂಡು ಒಂದೇ ನಗರಪಾಲಿಕೆಯ ಅಡಿಗೆ ಬಂದವು. 1976ರಲ್ಲಿ ಸುಧಾರಣಾ ಮಂಡಳಿಯ ಸ್ಥಾನದಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ನಿಂತಿತು.

ಈ ಸೂತ್ರದಲ್ಲಿ ಜಾಗ ಸಿಗದವರ ಲೆಕ್ಕ ಕೊಳಗೇರಿಗಳಾಗಿ ಬೆಳೆಯಿತು. ಹಳೆಯ ಪದ್ಧತಿಯಲ್ಲಿ ಅವು ಕಂಡದ್ದು ಕೆಡವಬೇಕಾದ ಗುಡಿಸಲುಗಳಾಗಿ. ದೇವರಾಜ ಅರಸು ಅವರ ಆಡಳಿತ ಕಾಲದ 1973ರ ಕಾಯ್ದೆ ತನ್ನ ಹೆಸರಿನಲ್ಲಿಯೇ ನಿರ್ಮೂಲನದ ಜೊತೆಗೆ ಸುಧಾರಣೆಯನ್ನೂ ಸೇರಿಸಿಕೊಂಡಿತು. ಅಂದರೆ ಕೊಳಗೇರಿಯಲ್ಲಿ ಇರುವವರಿಗೂ ನೀರು, ಚರಂಡಿ, ದೀಪ ಕೊಡುವುದು ಸರ್ಕಾರದ ಕರ್ತವ್ಯವಾಯಿತು. ಕೊಳಚೆ ನಿರ್ಮೂಲನ ಮಂಡಳಿ ಎಂಬ ಹೆಸರು ಮುಂದೆ ಕೊಳಗೇರಿ ಅಭಿವೃದ್ಧಿ ಮಂಡಳಿ ಎಂದು ಬದಲಾಯಿತು. 2005ರ ಜವಾಹರಲಾಲ್ ನೆಹರು ನಗರ ನವೀಕರಣ ಯೋಜನೆ, 2015ರ ಪ್ರಧಾನಮಂತ್ರಿ ಆವಾಸ್ ಯೋಜನೆಗಳಲ್ಲಿ ಬಡವರ ಮನೆ ಕೇಂದ್ರ ಸರ್ಕಾರದ ಬಜೆಟ್ಟಿನ ವಿಷಯವಾಯಿತು.

ಹೆಸರು ಬದಲಾದಷ್ಟು ಸುಲಭವಾಗಿ ನಡೆ ಬದಲಾಗಲಿಲ್ಲ ಎಂಬುದಕ್ಕೆ ಈಜಿಪುರ ಸಾಕ್ಷಿ. ಆರ್ಥಿಕವಾಗಿ ದುರ್ಬಲರಿಗೆಂದು ಪಾಲಿಕೆ ಕಟ್ಟಿದ್ದ ಅಲ್ಲಿನ ವಸತಿ ಸಮುಚ್ಚಯ ಶಿಥಿಲವಾಯಿತು. ಆ ನೆಲದ ಪುನರಭಿವೃದ್ಧಿಗೆ ಖಾಸಗಿ ಸಹಭಾಗಿತ್ವದ ಯೋಜನೆ ಸಿದ್ಧವಾಯಿತು. 2013ರ ಜನವರಿಯ ಚಳಿಯಲ್ಲಿ ಯಂತ್ರಗಳು ಬಂದು ಅಲ್ಲಿದ್ದವರ ಮನೆಗಳನ್ನು ಕೆಡವಿದವು. ನೂರಾರು ಕುಟುಂಬಗಳು ಬೀದಿಯ ಬದಿಯಲ್ಲಿ ದಿನ ಕಳೆದವು. ಮೊದಲು ಕೆಡಹು, ಆಮೇಲೆ ನೋಡೋಣ ಎಂಬ ಕ್ರಮ ಅದು. ಅಯ್ಯರ್ ಅವರ ಕ್ರಮಕ್ಕೆ ತದ್ವಿರುದ್ಧ.

2025ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಕಾಲ ಮುಗಿದು ಗ್ರೇಟರ್ ಬೆಂಗಳೂರು ಪ್ರಾಧಿಕಾರ ಮತ್ತು ಐದು ನಗರಪಾಲಿಕೆಗಳು ಬಂದವು. ಮಲ್ಲೇಶ್ವರ, ಬಸವನಗುಡಿಗಳಲ್ಲಿ ಈಗ ಹೆಂಚಿನ ಮನೆಗಳು ಅಪರೂಪ. ಹೆಸರಘಟ್ಟದ ಕೆರೆ 1925ರಲ್ಲಿಯೇ ಬತ್ತಿ ಎಚ್ಚರಿಕೆ ಕೊಟ್ಟಿತ್ತು. 1933ರಲ್ಲಿ ತಿಪ್ಪಗೊಂಡನಹಳ್ಳಿ, 1974ರಲ್ಲಿ ಕಾವೇರಿ ಎಂದು ಊರು ನೀರನ್ನು ದೂರದಿಂದ ದೂರಕ್ಕೆ ಹುಡುಕುತ್ತ ಹೋಯಿತು. ನೀರಿಗಿಂತ ಮುಂಚೆ ಮನೆ ಎದ್ದ ಹೊರವಲಯದ ಬಡಾವಣೆಗಳು ಬೇಸಿಗೆಯಲ್ಲಿ ಟ್ಯಾಂಕರಿಗಾಗಿ ಕಾಯುತ್ತವೆ.

ಮಲೆನಾಡಿಗೆ ಉಳಿದ ಪಾಠ

ಕಾಫಿ ಸೀಮೆಯ ವಸತಿ ಸಮಸ್ಯೆ ನಗರದ್ದಕ್ಕಿಂತ ಬೇರೆ ಎನಿಸಿದರೂ ಬೇರು ಒಂದೇ. ಇಲ್ಲಿನ ತೋಟಗಳ ಕಾರ್ಮಿಕರು ತಲೆಮಾರುಗಳಿಂದ ಬಾಳಿದ್ದು ಲೈನ್ ಮನೆಗಳಲ್ಲಿ. 1951ರ ಪ್ಲಾಂಟೇಶನ್ ಕಾರ್ಮಿಕ ಕಾಯ್ದೆ ಕಾರ್ಮಿಕರ ವಸತಿಯ ಹೊಣೆಯನ್ನು ತೋಟದ ಮಾಲೀಕರ ಮೇಲೆ ಹೊರಿಸಿತು. ಆದರೆ ಲೈನ್ ಮನೆ ಕೆಲಸಕ್ಕೆ ಅಂಟಿಕೊಂಡ ಮನೆ. ಮೈಯಲ್ಲಿ ಕಸುವಿರುವವರೆಗೆ ಸೂರು. ಕೆಲಸ ನಿಂತರೆ ಸ್ವಂತ ನೆಲವಿಲ್ಲ. ಪೇಟೆಯ ಬಾಡಿಗೆದಾರನಿಗೆ 1898ರಲ್ಲಿ ಒದಗಿದ ಪರಿಸ್ಥಿತಿಯೇ ಇದು. ಮನೆ ಹೋದಾಗ ಹಕ್ಕುಪತ್ರ ತೋರಿಸಲಾಗದವನಿಗೆ ಪರಿಹಾರದ ಪಟ್ಟಿಯಲ್ಲಿ ಸ್ಥಾನ ಸಿಗುವುದು ಕಷ್ಟ.

ಗುಡ್ಡ ಜರಿದ ಊರುಗಳಲ್ಲಿ ತೋಟ ಒಂದೆಡೆ, ಬದಲಿ ನಿವೇಶನ ಮತ್ತೊಂದೆಡೆ ಎಂಬ ಸಂಕಟವೂ ಇದೆ. ತೋಟದಿಂದ ದೂರದ ನಿವೇಶನಕ್ಕೆ ಹೋಗಲು ಜನ ಹಿಂಜರಿದರೆ ಅದನ್ನು ಮೊಂಡುತನವೆಂದು ಬಗೆಯಬೇಕಾಗಿಲ್ಲ. ಪೇಟೆಯ ವ್ಯಾಪಾರಿಯೂ ಒಮ್ಮೆ ಹೀಗೆಯೇ ಹಿಂಜರಿದಿದ್ದ. ಇಳಿಜಾರಿನ ಸ್ವಭಾವ ನೋಡಿ ಆರಿಸಿದ ಗಟ್ಟಿ ನೆಲ, ನೀರು, ರಸ್ತೆ, ಶಾಲೆ, ದುಡಿಮೆಯ ಜಾಗಕ್ಕೆ ಹೋಗಿಬರುವ ದಾರಿ ಇವು ಮಳೆಗಾಲಕ್ಕೆ ಮುಂಚೆಯೇ ಸಿದ್ಧವಿದ್ದರೆ ಆ ಹಿಂಜರಿಕೆ ಕರಗುತ್ತದೆ. ಆಪತ್ತು ಬಂದ ಮೇಲೆ ನೆಲ ಹುಡುಕಲು ಹೊರಟರೆ ಒಂದು ಮಳೆಗಾಲ ಹೋಗಿ ಮತ್ತೊಂದು ಬರುತ್ತದೆ.

ಶೇಷಾದ್ರಿ ಅಯ್ಯರ್ ಪ್ಲೇಗನ್ನು ಮುಂಗಂಡವರೇನೂ ಅಲ್ಲ. ಆದರೆ ಪ್ಲೇಗು ಬಂದ ದಿನ ಅವರ ಬಳಿ ಆರು ವರ್ಷ ಹಳೆಯ ನಕ್ಷೆಯೊಂದಿತ್ತು, ಎರಡು ವರ್ಷ ಹಳೆಯ ಕೊಳಾಯಿಯೊಂದಿತ್ತು. ಅಷ್ಟರಿಂದಲೇ ಬೆಂಗಳೂರಿನ ಒಂದು ಪಾಲು ಜನ ಬದುಕಿಗೆ ಹೊಸ ನೆಲೆ ಕಂಡುಕೊಂಡರು. ಆ ನಕ್ಷೆಯಲ್ಲಿ ಹೆಸರಿಲ್ಲದ ಉಳಿದ ಪಾಲು ಜನರಿಗೆ ಮನೆ ಕೊಡಲು ರಾಜ್ಯ ಇನ್ನೂ ಶ್ರಮಿಸುತ್ತಿದೆ. ಮುಂದಿನ ನಕ್ಷೆ ನಗರದ್ದಿರಲಿ, ಮೂಡಿಗೆರೆಯ ಗುಡ್ಡದ ಮಗ್ಗುಲಿನದಿರಲಿ, ಅದರಲ್ಲಿ ಮೊದಲು ಗುರುತಿಸಬೇಕಾದದ್ದು ಅಂಥವರ ಮನೆಗಳನ್ನು.